ಮನೆ ವಯಸ್ಸು, ಕಾರ್ಖಾನೆ ವಯಸ್ಸು

ನನ್ನ ಸೋದರಮಾವನಿಗೆ ಹುಬ್ಬಿರಲಿಲ್ಲ. ಭದ್ರಾವತಿಯ ಕಾರ್ಖಾನೆಯಲ್ಲಿ ಫರ್ನೇಸಿನ ಮುಂದೆ ನಿಂತು ನಿಂತು ಹುಬ್ಬಿನ ಕೂದಲೆಲ್ಲ ಸೀದುಹೋಗಿತ್ತು. ಆ ಬೋಳು ಮುಖ ನೋಡಿ ವಯಸ್ಸು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ.

ಅವನಿಗೆ ಎರಡು ವಯಸ್ಸಿತ್ತು. ತಾತ ಸತ್ತಾಗ ಮಾವನಿಗೆ ಹದಿನೈದು. ಅಜ್ಜಿ ಅವನನ್ನು ಕಾರ್ಖಾನೆಯ ಗೇಟಿಗೆ ಕರೆದೊಯ್ದು, "ಇಪ್ಪತ್ತು ತುಂಬಿದೆ ಸ್ವಾಮಿ" ಎಂದಳಂತೆ. ಹುಡುಗ ಎತ್ತರವಿದ್ದ. ಬರೆದುಕೊಳ್ಳುತ್ತಿದ್ದವನು, "ಸುಳ್ಳಾದ್ರೆ ಇಬ್ರನ್ನೂ ಒಳಗೆ ಹಾಕಿಸ್ತೀನಿ ನೋಡಮ್ಮ" ಎಂದು ನಕ್ಕನಂತೆ. ಅವನು ನಕ್ಕಿದ್ದನ್ನು ಅಜ್ಜಿ ಮರೆತಳು. ಮಾತನ್ನು ಮರೆಯಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ನನ್ನನ್ನೂ ಮಾವ ತನ್ನ ಕ್ವಾರ್ಟರ್ಸಿಗೆ ಕರೆತಂದ. ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ಕೂರಿಸಿಕೊಂಡು ಅವನು ಹೇಳುತ್ತಿದ್ದ ಮಾತೊಂದಿತ್ತು: "ಮೂವತ್ತಕ್ಕೆ ಕೈಯಲ್ಲಿ ಕಾಸು, ನಲವತ್ತಕ್ಕೆ ಕಾಲಡಿ ಜಾಗ, ಐವತ್ತಕ್ಕೆ ಸುತ್ತ ಗೋಡೆ, ಐವತ್ತೈದಕ್ಕೆ ತಲೆ ಮೇಲೆ ಹೆಂಚು. ಒಂದು ತಪ್ಪಿದ್ರೂ ಮುದುಕನಾದ್ಮೇಲೆ ಬೀದಿ."

ಪಕ್ಕದ ಮನೆಯ ಲಾರಿ ಡ್ರೈವರ್ ಸಾಹೇಬರು ರೇಗಿಸುತ್ತಿದ್ದರು. "ಯಾವ ವಯಸ್ಸಿನ ಲೆಕ್ಕ ಮಾರಾಯ? ಕಾರ್ಖಾನೇದೋ, ಮನೇದೋ?"

"ಮನೇದೇ. ಅವ್ವ ಹೆತ್ತ ಲೆಕ್ಕ."

ಹಾಗೆಯೇ ನಡೆದ. ನಲವತ್ತಕ್ಕೆ ಹಳೇ ಊರಿನ ಅಂಚಿನಲ್ಲಿ ಪುಟ್ಟ ಸೈಟು ಕೊಂಡ. ಐವತ್ತಕ್ಕೆ ಗೋಡೆಗಳೆದ್ದವು. ಭಾನುವಾರ ನಮ್ಮನ್ನು ಕರೆದೊಯ್ದು, ಸೂರಿಲ್ಲದ ಗೋಡೆಗಳ ನಡುವೆ ನಿಲ್ಲಿಸಿ, "ಇದು ಅವ್ವನ ಕೋಣೆ, ಬೆಳಗಿನ ಬಿಸಿಲು ಬೀಳುತ್ತೆ" ಎಂದು ತೋರಿಸುತ್ತಿದ್ದ. ಇನ್ನೈದು ವರ್ಷದ ಸಂಬಳ, ತುಂಬಿದ ಫಂಡು, ಆಮೇಲೆ ಹೆಂಚು.

ಆ ವರ್ಷವೇ ನಿವೃತ್ತಿಯ ಕಾಗದ ಬಂತು. ಕಾರ್ಖಾನೆಯ ಲೆಕ್ಕದಲ್ಲಿ ಅವನಿಗೆ ಐವತ್ತೈದು.

ಮಾವ ಅಷ್ಟೊಂದು ಗಾಬರಿಯಾಗಲಿಲ್ಲ. ಹಿಂದೆ ಬೇರೆ ಯಾರದೋ ವಯಸ್ಸನ್ನು ಕಾರ್ಖಾನೆಯವರು ಶಾಲೆಯ ದಾಖಲೆ ನೋಡಿ ತಿದ್ದಿದ್ದರು. ಮಾವ ಶಾಲೆಗೇ ಹೋದವನಲ್ಲ. ಆದರೂ ಕಾರ್ಖಾನೆ ಆಫೀಸಿನ ಸಾಹೇಬರೊಬ್ಬರು ಮನಸ್ಸು ಮಾಡಿ, "ತಾಯಿ ಇದ್ದಾರಲ್ಲ, ಅವರೇ ಬಂದು ಹೇಳಲಿ. ಮೇಲಕ್ಕೆ ಬರೀತೀನಿ" ಎಂದರು.

ಅಜ್ಜಿಯ ಕಣ್ಣು ಮಂಜಾಗಿತ್ತು. ಕೈಹಿಡಿದು ನಡೆಸಲು ನಾನೂ ಹೋದೆ. ದಾರಿಯುದ್ದಕ್ಕೂ ಮಾವ, "ನಿಜ ಹೇಳಿದ್ರೆ ಸಾಕು ಅವ್ವ, ಅಷ್ಟೇ" ಎನ್ನುತ್ತಿದ್ದ. ಆಫೀಸಿನ ಬಾಗಿಲಲ್ಲಿ ಖಾಕಿ ಬಟ್ಟೆಯ ಕಾವಲುಗಾರ ನಿಂತಿದ್ದ. ಅಜ್ಜಿಯ ಬೆರಳುಗಳು ನನ್ನ ಕೈಯಲ್ಲಿ ಬಿಗಿಯಾದವು.

"ಹೆದರಬೇಡಿ ಅಮ್ಮ, ನಿಮ್ಮ ಮಗನಿಗೆ ವಯಸ್ಸೆಷ್ಟು?" ಎಂದರು ಸಾಹೇಬರು.

"ಬರ್ದಿರೋದೇ ಸರಿ ಸ್ವಾಮಿ. ಅವತ್ತೇ ಇಪ್ಪತ್ತು ತುಂಬಿತ್ತು. ನಾವು ಸುಳ್ಳು ಹೇಳೋ ಜನ ಅಲ್ಲ."

ಸಾಹೇಬರು ಮಾವನ ಕಡೆ ನೋಡಿದರು. "ಏನಪ್ಪಾ ಇದು?"

ಮಾವ ತಾಯಿಯ ಮುಖವನ್ನೇ ನೋಡುತ್ತಿದ್ದ. ಬಾಯಿ ತೆರೆದರೆ ಅವಳು ಸುಳ್ಳಿಯಾಗುತ್ತಿದ್ದಳು, ಅದೂ ಅಷ್ಟು ಜನರ ಮುಂದೆ. "ಅವ್ವ ಹೇಳಿದ್ಮೇಲೆ ಮುಗೀತು ಸ್ವಾಮಿ" ಎಂದು ಕೈ ಮುಗಿದ.

ಹೊರಗೆ ಬಂದ ಮೇಲೆ ಅಜ್ಜಿ ಅವನ ತೋಳು ಹಿಡಿದು ಪಿಸುಗುಟ್ಟಿದಳು. "ಬಾಯಿ ಬಿಡಿಸೋಕೆ ನೋಡಿದ್ರು. ಬಿಟ್ಟುಕೊಡ್ಲಿಲ್ಲ ನಾನು. ಉಳಿಸಿದೆ ಕಣೋ ನಿನ್ನ."

"ಹೂಂ ಅವ್ವ, ಉಳಿಸಿದೆ" ಎಂದ ಮಾವ. ಅವಳನ್ನು ಜಟಕಾ ಹತ್ತಿಸುವಾಗ ನನ್ನ ಕಡೆ ತಿರುಗಿ, "ಮನೇಲಿ ಯಾರೂ ಇವಳಿಗೆ ಏನೂ ಹೇಳಕೂಡದು" ಎಂದ. ನಾವು ಯಾರೂ ಹೇಳಲಿಲ್ಲ.

ಕ್ವಾರ್ಟರ್ಸ್ ಬಿಟ್ಟೆವು. ಫಂಡಿನ ಹಣದಲ್ಲಿ ಒಂದು ಪಾಲು ಶಿವಮೊಗ್ಗದಲ್ಲಿ ನನ್ನ ಟೀಚರ್ ಟ್ರೈನಿಂಗಿಗೆ ಹೋಯಿತು. ಹೆಂಚು ಹೊದಿಸಿಕೋ ಎಂದು ನಾನು ಎಷ್ಟು ಅತ್ತರೂ ಮಾವ ಕೇಳಲಿಲ್ಲ. ಉಳಿದದ್ದು ಊಟಕ್ಕೆ ಕರಗಿತು. ಅಜ್ಜಿಯ ಕೋಣೆಗೆ ಮಾತ್ರ ತಗಡು ಬಿತ್ತು. ನಾವೆಲ್ಲ ಅದರಡಿಯಲ್ಲೇ ಮಲಗುತ್ತಿದ್ದೆವು. ಮಾವ ನಾಟಾ ಡಿಪೋದಲ್ಲಿ ದಿಮ್ಮಿ ಹೊರಲು ಹೋದ. ಹೊಸ ಹುಡುಗರಿಗೆ ಹೇಳುತ್ತಿದ್ದ ಆ ಮಾತನ್ನು ಮತ್ತೆ ಅವನ ಬಾಯಲ್ಲಿ ಕೇಳಲಿಲ್ಲ.

ಫರ್ನೇಸಿನ ಶಾಖ ತಪ್ಪಿದ ಮೇಲೆ ಅವನ ಹುಬ್ಬು ಬೆಳೆಯಿತು, ಒಂದು ಬಿಳಿ ಕೂದಲೂ ಇಲ್ಲದೆ ಕಪ್ಪಗೆ. ನೋಡಲು ಬಂದ ಡ್ರೈವರ್ ಸಾಹೇಬರು, "ಹುಬ್ಬು ನೋಡಿದ್ರೆ ಹುಡುಗ ಇದ್ದಂಗಿದ್ದೀಯ ಮಾರಾಯ. ಇದನ್ನೇ ತೋರಿಸ್ಬೇಕಿತ್ತು ಆಫೀಸಲ್ಲಿ" ಎಂದರು. ಮಾವ ನಕ್ಕ. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ.

ಆ ಕೆಮ್ಮಿನಲ್ಲೇ ಹೋದ. ನನ್ನ ಮೊದಲ ಸಂಬಳಕ್ಕೆ ಇನ್ನೂ ತಿಂಗಳಿತ್ತು.

ಸಾವು ಬರೆದುಕೊಳ್ಳಲು ಪುರಸಭೆಯವನು ಬಂದು ಅಂಗಳದಲ್ಲಿ ನಿಂತು ವಯಸ್ಸು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ನನ್ನ ಸೆರಗೆಳೆದು ಮೆಲ್ಲಗೆ ಕೇಳಿದಳು. "ಇನ್ನು ಅವನನ್ನ ಯಾರೂ ಹಿಡ್ಕೊಂಡು ಹೋಗಲ್ಲ ಅಲ್ವಾ? ಈಗ ನಿಜ ಹೇಳ್ಬಹುದಾ?"

"ಹೇಳು ಅಜ್ಜಿ" ಎಂದೆ.

"ಐವತ್ಮೂರು ಸ್ವಾಮಿ" ಎಂದಳು ಅಜ್ಜಿ. "ಇನ್ನೂ ಐವತ್ಮೂರು."

ಅವನು ಆಧಾರ ಕೇಳಲಿಲ್ಲ. ಅವಳು ಹೇಳಿದ್ದನ್ನೇ ಬರೆದುಕೊಂಡು ಹೋದ.