ಅರಿಶಿನ ಹಚ್ಚಿದ ಮಾರ್ಕ್ಸ್ ಕಾರ್ಡ್

ನಮ್ಮ ಮನೆಯಲ್ಲಿ ಕಾಲೇಜಿನ ಭಾಷೆ ಮೊದಲು ಕಲಿತವಳು ನಾನು. ಜಂಬದಿಂದಲೇ ಹೇಳುತ್ತಿದ್ದೇನೆ, ಕೇಳುವುದಕ್ಕೆ ಕಷ್ಟವಾದವರು ಕಿವಿ ಮುಚ್ಚಿಕೊಳ್ಳಲಿ. ಎಪ್ಪತ್ತರ ದಶಕದಲ್ಲಿ ಹೇರೋಹಳ್ಳಿ ಇನ್ನೂ ಹಳ್ಳಿಯೇ. ನಮಗಿದ್ದದ್ದು ಒಂದಿಷ್ಟು ರಾಗಿ ಹೊಲ, ಎರಡು ಹಸು. ನಾಲ್ಕು ಮಕ್ಕಳಲ್ಲಿ ಎಸ್.ಎಸ್.ಎಲ್.ಸಿ. ದಾಟಿದ್ದು ನಾನೊಬ್ಬಳೇ, ಅದೂ ಫಸ್ಟ್ ಕ್ಲಾಸಿನಲ್ಲಿ. ಅಪ್ಪ ಒಂದೇ ಮಾತು ಹೇಳಿದ್ದ: "ರಾಜಾಜಿನಗರದ ಕಾಲೇಜಲ್ಲಿ ಸೀಟು ಸಿಕ್ಕಿದ್ರೆ ಓದು. ಸಿಗ್ಲಿಲ್ಲಾಂದ್ರೆ ಮುಂದಿನ ವರ್ಷ ನೋಡಾನ ಅಂತ ನನ್ನ ಮುಂದೆ ನಿಂತ್ಕೋಬೇಡ." ಅಪ್ಪ ಕೆಟ್ಟವನಲ್ಲ. ಅಕ್ಕನಿಗೆ ಇಷ್ಟು ಮಾತನ್ನೂ ಕೊಟ್ಟಿರಲಿಲ್ಲ.

ಅರ್ಜಿಯ ಜೊತೆ ಕಾಲೇಜಿನವರು ಪ್ರಾಸ್ಪೆಕ್ಟಸ್ ಅಂತ ಒಂದು ತೆಳ್ಳನೆ ಪುಸ್ತಕ ಕೊಟ್ಟಿದ್ದರು. ಪೂರ್ತಿ ಇಂಗ್ಲಿಷು, ನಾನೋ ಕನ್ನಡ ಮೀಡಿಯಂ. ಹೈಸ್ಕೂಲಿನ ಮೇಷ್ಟ್ರ ಹತ್ತಿರ ಡಿಕ್ಷನರಿ ಇಸಕೊಂಡು ಬಂದು, ಒಂದು ವಾರ ಜಗಲಿ ಮೇಲೆ ಕೂತು ಪದಪದಕ್ಕೂ ಪೆನ್ಸಿಲಿನಲ್ಲಿ ಅರ್ಥ ಬರೆದೆ. ಸಾಯಂಕಾಲ ಅಪ್ಪ ಕಾಲು ತೊಳೆದು ಕೂತ ಕೂಡಲೇ ನನ್ನ ಪಾಠ ಶುರುವಾಗುತ್ತಿತ್ತು. ಕಾಂಬಿನೇಷನ್ ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ನಾಲ್ಕನ್ನೂ ಒಟ್ಟಿಗೇ ತಗೋಬೇಕು ಅಂತ ಹೇಳಿದರೆ, "ಹುರುಳಿ ಬೇಕು ಅಂದೋನು ಅವರೆಕಾಳೂ ತಗೋಬೇಕೇನಮ್ಮಿ? ಇದ್ಯಾವ ಸೀಮೆ ವ್ಯಾಪಾರ?" ಅನ್ನುತ್ತಿದ್ದ. ಅವ್ವ ಒಳಗಿನಿಂದಲೇ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಕಿವಿ ಬಲು ಚುರುಕು.

ಟ್ರೂ ಕಾಪಿ ಅನ್ನುವುದು ದೊಡ್ಡ ತಲೆನೋವಾಯಿತು. ಮಾರ್ಕ್ಸ್ ಕಾರ್ಡನ್ನು ಟೈಪು ಮಾಡಿಸಿ, ಮೂಲದಲ್ಲಿ ಇರುವುದೇ ಇಲ್ಲೂ ಇದೆ ಅಂತ ಗೆಜೆಟೆಡ್ ಅಧಿಕಾರಿಯ ಕೈಲಿ ಸಹಿ ಹಾಕಿಸಬೇಕು. ನಮ್ಮ ಸುತ್ತಮುತ್ತ ಅಪ್ಪನಿಗೆ ಗೊತ್ತಿದ್ದ ಗೆಜೆಟೆಡ್ ಅಧಿಕಾರಿ ದನದ ಡಾಕ್ಟ್ರು ಒಬ್ಬರೇ. ಅವರು ಕಾರ್ಡನ್ನೂ ಕಾಪಿಯನ್ನೂ ಸಾಲು ಸಾಲಾಗಿ ತಾಳೆ ನೋಡಿ ಸಹಿ ಹಾಕಿ, ಮೊಹರು ಒತ್ತಿದರು. ಹೋದದ್ದು ಹೋದೆವಲ್ಲ ಅಂತ ಅಪ್ಪ ಕೆಂದ ಹಸು ಮೇವು ಬಿಟ್ಟಿರುವ ವಿಷಯವನ್ನೂ ಕೇಳಿಕೊಂಡು ಬಂದ. ಆ ಕಾಪಿಯನ್ನು ಅರ್ಜಿಗೆ ಲಗತ್ತಿಸಿ ಕೊಟ್ಟೆವು.

ಸೆಲೆಕ್ಷನ್ ಲಿಸ್ಟಿನಲ್ಲಿ ನನ್ನ ಹೆಸರು ಬಂತು. ಮೂರು ದಿನದೊಳಗೆ ಮೂಲ ಮಾರ್ಕ್ಸ್ ಕಾರ್ಡ್ ತೋರಿಸಿ ಸೇರಿಕೊಳ್ಳಬೇಕು, ತಪ್ಪಿದರೆ ಸೀಟು ವೇಟಿಂಗ್ ಲಿಸ್ಟಿನವರಿಗೆ ಹೋಗುತ್ತದೆ. ಹಾಳು ಲಿಸ್ಟನ್ನು ನಾವು ನೋಡಿದ್ದೇ ಎರಡನೆಯ ದಿನ. ಕೊನೆಯ ದಿನ ಅಪ್ಪನಿಗೆ ಬಿತ್ತನೆ, ಹಾಗಾಗಿ ಅವ್ವ ನನ್ನ ಜೊತೆ ಹೊರಟಳು. ಪೆಟ್ಟಿಗೆಯಿಂದ ತೆಗೆದು ದೇವರ ಮುಂದೆ ಇಟ್ಟಿದ್ದ ಕಾರ್ಡನ್ನು ಅವಳೇ ಪೇಪರಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಳು. ಮಾಗಡಿ ರಸ್ತೆವರೆಗೆ ನಡೆದು ಬಸ್ಸು ಹಿಡಿದೆವು.

ಕೌಂಟರಿನಲ್ಲಿ ಗುಮಾಸ್ತರು ಪೇಪರು ಬಿಚ್ಚಿದರು. ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ!

"ಇದೇನಮ್ಮಾ, ಮಾರ್ಕ್ಸ್ ಕಾರ್ಡೋ, ಲಗ್ನಪತ್ರಿಕೆಯೋ?"

ಹಿಂದೆ ನಿಂತಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ನೀರಲ್ಲಿ ಕಲಸಿದ ಅರಿಶಿನ ಮೂಲೆಯಿಂದ ಒಳಗೆ ಹರಿದು, ಗಣಿತದ ಅಂಕಿಯ ಮೇಲೆ ಹಬ್ಬಿ, ಶಾಯಿ ಕದಡಿಹೋಗಿತ್ತು. ನನ್ನ ತೊಂಬತ್ತೆರಡರಲ್ಲಿ ಒಂಬತ್ತು ಕಾಣದೆ ಬರೀ ಎರಡು ಉಳಿದಿತ್ತು. ಪಕ್ಕದಲ್ಲಿ ಅಕ್ಷರದಲ್ಲಿ ಬರೆದದ್ದೂ ಹಳದಿ ಕೆಸರು. ಗುಮಾಸ್ತರು ಕಾರ್ಡನ್ನು ವಾಪಸ್ಸು ತಳ್ಳಿದರು. "ತಿದ್ದಿರೋ ಹಂಗೆ ಕಾಣುತ್ತೆ. ಇದನ್ನ ತಗೊಂಡ್ರೆ ನಾಳೆ ನನ್ನ ಕುತ್ತಿಗೆಗೆ ಬರುತ್ತೆ. ಹೊಸಾ ಕಾರ್ಡ್ ತಗೊಂಡು ಬನ್ನಿ."

"ಯಾವತ್ತಿನೊಳಗೆ ಸಾರ್?"

"ಇವತ್ತು ಮೂರು ಗಂಟೆಯೊಳಗೆ."

ಆಗ ಹನ್ನೆರಡೂವರೆ. ನಾನು ಅವ್ವನ ಕಡೆ ತಿರುಗಿದೆ. ನನ್ನ ಮುಖದಲ್ಲಿ ಏನಿತ್ತೋ, ಅವಳು ಒಂದು ಹೆಜ್ಜೆ ಹಿಂದಕ್ಕೆ ಹೋದಳು. "ಶುಭದ ಕಾಗ್ದ ಬೋಳಾಗಿ ಹೊರಗೆ ಹೋಗಬಾರದು ಕಣವ್ವ, ಬೋಳು ಕಾಗ್ದ ಅಂದ್ರೆ ಸಾವಿನ ಕಾಗ್ದ," ಅಂದಳು. ಆಮೇಲೆ ಸೆರಗು ಸರಿಮಾಡಿಕೊಂಡು ಕಿಂಡಿಯ ಹತ್ತಿರ ಬಗ್ಗಿ, "ತಪ್ಪು ನಂದು ಸ್ವಾಮಿ, ಮಗೀದಲ್ಲ" ಅಂತ ಕೈಮುಗಿದಳು. ಅಷ್ಟು ಹೊತ್ತೂ ಅವಳ ಮೇಲೆ ಉರಿಯುತ್ತಿದ್ದ ನನಗೆ ಆ ಮುಗಿದ ಕೈ ನೋಡಿ ಬೇರೆ ಥರ ಸಿಟ್ಟು ಬಂತು. ನಮ್ಮವ್ವ ಯಾಕೆ ಕೈಮುಗಿಯಬೇಕು? ಕದ್ದಿದ್ದಾಳೆಯೇ?

ಆ ಸಿಟ್ಟಿನಲ್ಲೇ ಪ್ರಾಸ್ಪೆಕ್ಟಸ್ ನೆನಪಾಯಿತು. "ಸಾರ್, ಹನ್ನೊಂದನೇ ಪುಟ ನೋಡಿ. ಮೂಲ ದಾಖಲೆ ಇಲ್ಲದೇ ಇದ್ರೆ ಅಟೆಸ್ಟ್ ಆದ ಟ್ರೂ ಕಾಪಿ ಮೇಲೆ ಪ್ರಿನ್ಸಿಪಾಲರು ಪ್ರೊವಿಷನಲ್ ಅಡ್ಮಿಷನ್ ಕೊಡಬಹುದು. ಕಾಪಿ ನಿಮ್ಮ ಫೈಲಲ್ಲೇ ಇದೆ."

ಗುಮಾಸ್ತರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. ಆ ಪುಸ್ತಕವನ್ನು ಯಾರಾದರೂ ಓದುತ್ತಾರೆ ಅಂತ ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಫೈಲು ತೆಗೆದು, ಕಾರ್ಡನ್ನೂ ಹಿಡಿದುಕೊಂಡು, ನಮ್ಮಿಬ್ಬರನ್ನೂ ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋದರು.

ಪ್ರಿನ್ಸಿಪಾಲರು ಕೋಟು ಹಾಕಿಕೊಂಡ ವಯಸ್ಸಾದ ಮನುಷ್ಯ. ಕಾಪಿಯನ್ನು ಓದಿದರು, ದನದ ಡಾಕ್ಟರ ಮೊಹರನ್ನು ಎರಡು ಸಲ ಓದಿದರು. "ಪ್ರೊವಿಷನಲ್ ಅಂತ ಕೇಳ್ತಾ ಇದೀಯಲ್ಲ, ಹಾಗಂದ್ರೆ ಏನು ಹೇಳು ನೋಡೋಣ."

"ಈಗ ಒಳಗೆ ಸೇರಿಸ್ಕೋತೀರಿ ಸಾರ್. ಆದ್ರೆ ನಾನು ಹೇಳಿದ್ದು ನಿಜ ಅಂತ ಕಾಗದ ತಂದು ತೋರಿಸೋವರೆಗೂ ನೀವು ಯಾವಾಗ ಬೇಕಾದ್ರೂ ಆಚೆ ಕಳಿಸಬಹುದು."

"ಅರಿಶಿನ ಯಾರು ಹಚ್ಚಿದ್ದು?"

ಕೈತಪ್ಪಿ ಬಿತ್ತು ಅನ್ನಬಹುದಿತ್ತು. ನಾನು ಅನ್ನಲಿಲ್ಲ. "ನಮ್ಮವ್ವ ಸಾರ್. ನಮ್ಮನೇಗೆ ಇಂಥ ಶುಭದ ಕಾಗದ ಇದುವರೆಗೂ ಬಂದಿರಲಿಲ್ಲ."

ಅವರು ಅವ್ವನ ಕಡೆ ನೋಡಿ, "ಕೂತ್ಕೊಳ್ಳಿ ತಾಯಿ" ಅಂದರು. ಅವ್ವ ಕೂರಲಿಲ್ಲ. ಅವರು ಅರ್ಜಿಯ ಮೇಲೆ ಒಂದು ಸಾಲು ಬರೆದು ಸಹಿ ಮಾಡಿದರು. ಹದಿನೈದು ದಿನದೊಳಗೆ ಹೈಸ್ಕೂಲಿನ ಹೆಡ್‌ಮಾಸ್ಟರು ರಿಜಿಸ್ಟರ್ ನೋಡಿ ಬರೆದ ಪತ್ರ ತರಬೇಕು, ಇಲ್ಲದಿದ್ದರೆ ಸೀಟು ರದ್ದು. ಪತ್ರವನ್ನು ನಾನು ನಾಲ್ಕನೆಯ ದಿನವೇ ತಂದುಕೊಟ್ಟೆ, ಹದಿನೈದು ಯಾರಿಗೆ ಬೇಕಿತ್ತು?

ಆವತ್ತು ಕಾಲೇಜಿನ ಗೇಟು ದಾಟಿ ಬಸ್ ಸ್ಟಾಪಿನಲ್ಲಿ ನಿಂತ ಮೇಲೆ ಅವ್ವ ಕೇಳಿದಳು. "ಆವಯ್ಯಂಗೆ ಹೇಳ್ದಲ್ಲ, ಒಳಗೆ ಸೇರಿಸ್ಕೊಂಡ್ರೂ ಯಾವಾಗ್ಲಾದ್ರೂ ಆಚೆ ಕಳಿಸ್ಬೋದು ಅಂತ. ಅದೇನು ಅದರ ಹೆಸರು?"

"ಪ್ರೊವಿಷನಲ್ ಕಣವ್ವ."

"ನಿಮ್ಮಪ್ಪನ ಮನೆಗೆ ಬಂದಾಗ ನಾನೂ ಅದೇ ಆಗಿದ್ದೆ ಕಣೇ. ನಿಮ್ಮಕ್ಕ ಹುಟ್ಟಿದ್ಮೇಲೂ ಅದೇ. ನಿಮ್ಮಣ್ಣ ಹುಟ್ಟೋವರ್ಗೂ ನಿಮ್ಮಜ್ಜಿ ಉಗ್ರಾಣದ ಬೀಗದ್ಕೈ ನನಗೆ ಕೊಡಲಿಲ್ಲ." ದೂರು ಹೇಳುವ ದನಿಯಲ್ಲ. ರಾಗಿ ಪೈರು ಎಷ್ಟೆತ್ತರ ಬಂದಿದೆ ಅಂತ ಹೇಳುವ ದನಿ. "ನೀನು ಹಂಗೆ ಬಾಳ ದಿನ ಇರಬೇಡ. ಬೇಗ ಕಾಗ್ದ ತಂದು ಬಿಸಾಕು."

ಡಿಕ್ಷನರಿ ಹಿಡಿದು ವಾರವಿಡೀ ಕೂತವಳು ನಾನು. ಆ ಪದ ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ನನಗೆ ಅಳು ಬಂತು, ಅವಳಿಗೆ ತೋರಿಸಲಿಲ್ಲ.

ಬಸ್ಸು ಬಂತು. ತುಂಬಿದ ಬಸ್ಸಿನಲ್ಲಿ ಕಂಡಕ್ಟರು ನಮ್ಮ ಹತ್ತಿರ ತೂರಿಕೊಂಡು ಬಂದು, "ಎಲ್ಲಿಗಮ್ಮಾ?" ಅಂತ ಕೇಳಿದ. ಊರ ಹೆಸರು ಹೇಳಬೇಕಾಗಿದ್ದ ಅವ್ವ ತಲೆಯೆತ್ತಿ, ಹಿಂದಿನ ಸೀಟಿನವರಿಗೂ ಕೇಳುವ ಹಾಗೆ, "ಕಾಲೇಜಿಂದ ಬತ್ತಾ ಇದೀವಿ" ಅಂದಳು.