ಬಾಂದ್ರಾದಲ್ಲಿ ನಡುವಿನ ಲೇಡೀಸ್ ಡಬ್ಬಿ

ಸ್ಟೇಷನ್ನಿನಲ್ಲಿ ನಿಂತಲ್ಲಿ ನಿಲ್ಲುವುದು ನನ್ನ ಜಾಯಮಾನದಲ್ಲಿಲ್ಲ. ಇಂಡಿಕೇಟರ್ ನೋಡಿದ ಮೇಲೂ ಹಳಿಯ ಕಡೆ ಬಗ್ಗಿ ನೋಡಬೇಕು, ಅನೌನ್ಸ್‌ಮೆಂಟ್ ಕೇಳಿದ ಮೇಲೂ ಪಕ್ಕದವಳನ್ನು ಕೇಳಬೇಕು. ಶನಿವಾರ ಮಧ್ಯಾಹ್ನ ಆಫೀಸು ಮುಗಿಸಿ ಬಾಂದ್ರಾದಲ್ಲಿ ಅಮ್ಮನಿಗಾಗಿ ಕಾಯುವಾಗಲಂತೂ ಮುಳ್ಳಿನ ಮೇಲೆ ನಿಂತ ಹಾಗೆ.

ನಮ್ಮ ಏರ್ಪಾಡು ಈ ಊರಿನಲ್ಲಿ ಎಲ್ಲರೂ ಮಾಡಿಕೊಳ್ಳುವಂಥದ್ದೇ. ನಾವು ಸೇರುವುದು ಪ್ಲಾಟ್‌ಫಾರ್ಮಿನಲ್ಲಲ್ಲ, ಡಬ್ಬಿಯಲ್ಲಿ. ಅಮ್ಮ ಜೋಗೇಶ್ವರಿಯಲ್ಲಿ ಸ್ಲೋ ಲೋಕಲ್ಲಿನ ನಡುವಿನ ಲೇಡೀಸ್ ಡಬ್ಬಿ ಹತ್ತಿ ನನಗೊಂದು ಮಿಸ್ಡ್ ಕಾಲ್ ಕೊಡುತ್ತಾಳೆ. ಬಾಂದ್ರಾ ಬಂದಾಗ ಕಿಟಕಿಯಿಂದ ಕರವಸ್ತ್ರ ಆಡಿಸುತ್ತಾಳೆ, ನಾನು ಅದೇ ಡಬ್ಬಿಗೆ ನುಗ್ಗುತ್ತೇನೆ. ಅಲ್ಲಿಂದ ಎರಡೇ ಸ್ಟೇಷನ್, ಮಾಟುಂಗಾ ರೋಡ್. ಇಳಿದು ದೊಡ್ಡಮ್ಮನ ಮನೆಗೆ ಹೋಗಿ ಚಾ ಕುಡಿದು ಬರುವುದು ನಮ್ಮ ವಾರದ ಸಂಭ್ರಮ.

ಅಮ್ಮ ಮದುವೆಯಾಗಿ ಉಡುಪಿಯಿಂದ ಬಂದಾಗ ಅಪ್ಪ ಬಾಂದ್ರಾದ ಹೋಟೆಲೊಂದರಲ್ಲಿ ಅಡುಗೆಗಿದ್ದರು. ಇಳಿಜಾರು ಮಾಡಿನ ಹಳೆಯ ಸ್ಟೇಷನ್ ಕಟ್ಟಡ ನೋಡಿ, ಯಾರದೋ ದೊಡ್ಡ ಮನೆ ಅಂತ ಚಪ್ಪಲಿ ಬಿಡಲು ಹೊರಟಿದ್ದಳಂತೆ. ಕಾಸು ಹಾಕಿದರೆ ಚೀಟಿ ಉದುರಿಸುವ ತೂಕದ ಯಂತ್ರ ಹೋದದ್ದು, ಎಸ್ಕಲೇಟರ್ ಬಂದದ್ದು, ಟಿಕೆಟ್ ಮೊಬೈಲಿನೊಳಗೆ ಸೇರಿದ್ದು ಎಲ್ಲ ಅವಳ ಕಣ್ಣೆದುರಿಗೇ. ಎಸ್ಕಲೇಟರನ್ನು ಇವತ್ತಿಗೂ ಹತ್ತುವುದಿಲ್ಲ. ಮೆಟ್ಟಿಲು ತನ್ನಷ್ಟಕ್ಕೆ ನಡೆದರೆ ತನಗೆ ಕಾಲು ಯಾಕೆ ಅನ್ನುತ್ತಾಳೆ. ಆದರೆ ಲೋಕಲ್ ಬಿಟ್ಟರೆ ಅವಳಿಗೆ ಜೀವ ಇಲ್ಲ.

ಆ ಲೋಕಲ್ಲಿಗೇ ಸಂಚಕಾರ ಬಂದಿತ್ತು. ಹಿಂದಿನ ತಿಂಗಳು ಕೂತಲ್ಲೇ ತೂಕಡಿಸಿ ಜೋಗೇಶ್ವರಿ ದಾಟಿ ಎಲ್ಲಿಗೋ ಹೋಗಿಬಿಟ್ಟಿದ್ದಳು. ಭಾಂಡುಪಿನಲ್ಲಿರುವ ಅಣ್ಣ ಅವತ್ತೇ ಕಡ್ಡಿ ಮುರಿದ ಹಾಗೆ ಹೇಳಿದ, ಇನ್ನೊಂದು ಸಲ ಹೀಗಾದರೆ ಅಮ್ಮ ಒಬ್ಬಳೇ ಹೊರಗೆ ಕಾಲಿಡುವ ಹಾಗಿಲ್ಲ ಅಂತ. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆ ಶನಿವಾರ ಮಿಸ್ಡ್ ಕಾಲ್ ಸರಿಯಾಗಿಯೇ ಬಂತು. ಲೆಕ್ಕದ ಗಾಡಿಯೂ ಬಂತು. ನಡುವಿನ ಡಬ್ಬಿಯ ಒಂದೊಂದು ಕಿಟಕಿ ನೋಡಿದೆ. ಕರವಸ್ತ್ರ ಇಲ್ಲ, ಅಮ್ಮ ಇಲ್ಲ. ಫೋನು ಮಾಡಿದರೆ ಎತ್ತುವವರಿಲ್ಲ. ಮುಂದಿನ ಗಾಡಿಯಲ್ಲೂ ಇಲ್ಲ. ಬಾಗಿಲಿನ ಹತ್ತಿರ ನಿಂತವಳು ತಳ್ಳಾಟದಲ್ಲಿ ಬಿದ್ದಳೇ, ತಲೆ ತಿರುಗಿತೇ ಎಂದು ನನ್ನ ಹಾಳು ತಲೆ ಓಡತೊಡಗಿತು. ಬೆಳಿಗ್ಗೆ ಉಳುಕಿದ ಕಾಲನ್ನು ಎಳೆಯುತ್ತ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ನಡೆದೆ. ಡ್ಯೂಟಿಯಲ್ಲಿದ್ದ ಮಹಿಳಾ ಪೊಲೀಸು, ಇನ್ನೊಂದು ಗಾಡಿ ನೋಡಿ, ಆಮೇಲೆ ಹೆಸರು ಹಿಡಿದು ಮೈಕಿನಲ್ಲಿ ಕೂಗಿಸೋಣ ಅಂದಳು. ನನಗೆಲ್ಲಿಯ ತಾಳ್ಮೆ? ಅಣ್ಣನಿಗೆ ಫೋನು ಮಾಡಿಬಿಟ್ಟೆ. ಅವನು ಬೈಯಲೂ ಇಲ್ಲ, ಹೊರಟೆ ಅಂದ. ಫೋನಿಟ್ಟ ಮೇಲೆ ಹೊಳೆಯಿತು, ಅಮ್ಮ ಸಿಕ್ಕರೂ ಅವಳ ಲೋಕಲ್ ಇವತ್ತಿಗೆ ಮುಗಿಯಿತು ಅಂತ.

ಅದರ ಮುಂದಿನ ಗಾಡಿ ಬಂತು. ಕಿಟಕಿಯಲ್ಲಿ ಕರವಸ್ತ್ರ ಜೋರಾಗಿ ಆಡುತ್ತಿತ್ತು.

ನುಗ್ಗಿದೆ. ಅಮ್ಮ ಎದ್ದು ನಿಂತು, ತಾನು ಕೂತಿದ್ದ ಜಾಗಕ್ಕೆ ಚೀಲ ಒತ್ತಿಟ್ಟು, ಯಾರೂ ಕೂರದ ಹಾಗೆ ಕೈ ಅಡ್ಡ ಹಿಡಿದಿದ್ದಳು. ಕೋಪ, ಅಳು ಎರಡೂ ಒಟ್ಟಿಗೇ ಬಂದವು. ಎಲ್ಲಿ ಹೋಗಿದ್ದೆ ಅಂದೆ.

"ಗೋರೆಗಾಂವಿಗೆ," ಅಂದಳು. "ಕಾಲು ಉಳುಕಿದೆ ಅಂತ ಬೆಳಿಗ್ಗೆ ನೀನೇ ಹೇಳಿದ್ದಲ್ವಾ? ನಿಲ್ಲಲಿಕ್ಕೆ ಆಗ್ತದಾ ನಿನಗೆ?"

ಆಫೀಸಿಗೆ ಹೋಗುವವರೆಲ್ಲ ಮಾಡುವುದನ್ನೇ ಅವಳೂ ಮಾಡಿದ್ದಳು. ಸೀಟಿಗಾಗಿ ಉಲ್ಟಾ ಗಾಡಿ ಹತ್ತಿ, ಗಾಡಿ ಹೊರಡುವ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಕೂತು ಬರುವುದು. ಮಿಸ್ಡ್ ಕಾಲ್ ಕೊಟ್ಟದ್ದು ಆ ಉಲ್ಟಾ ಗಾಡಿ ಹತ್ತಿದ ಮೇಲೆ. ಗೋರೆಗಾಂವಿನಲ್ಲಿ ಗಾಡಿ ತಡವಾಗಿ ಬಿಟ್ಟಿತ್ತು. ಪಕ್ಕದ ಸೀಟನ್ನು ನನಗೆಂದು ಚೀಲ ಇಟ್ಟು ಹಿಡಿದಿದ್ದಳು, ಫೋನು ಆ ಚೀಲದ ತಳದಲ್ಲಿ. ಅಂಧೇರಿಯಲ್ಲಿ ಹತ್ತಿದವರು ಜಗಳಕ್ಕೆ ಬಿದ್ದು ಆ ಸೀಟು ಕಸಿದುಕೊಂಡರು. ಬಾಂದ್ರಾ ಬಂದದ್ದೇ ತನ್ನದನ್ನು ಬಿಟ್ಟು ಎದ್ದಳು. ಎರಡು ಸ್ಟೇಷನ್ನಿಗೆ! ನಾನು ಬೇಡವೆಂದರೆ ಆ ಜಗಳಗಂಟಿಯರೇ ನನ್ನನ್ನು ಗದರಿಸಿ ಕೂರಿಸಿದರು. ಕೂತೆ. ಅಮ್ಮನ ಸೆರಗು ಹಿಡಿದುಕೊಂಡೇ ಕೂತೆ.

ಮಾಹಿಮ್ ಬರುವಷ್ಟರಲ್ಲಿ ಅಣ್ಣನ ಫೋನು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಅಣ್ಣನಿಗೆ ಫೋನು ಮಾಡಿದ್ದು ಅವಳಿಗೆ ಆಗ ಗೊತ್ತಾಯಿತು.

"ಬರ್ಬೇಡ ಅಣ್ಣ, ಅಮ್ಮ ಸಿಕ್ಕಿದ್ಳು," ಅಂದೆ. "ಸರಿಯಾಗೇ ಬಂದಿದ್ಳು. ನಾನೇ ಬೇರೆ ಡಬ್ಬಿ ಹತ್ರ ನಿಂತಿದ್ದೆ. ನಾನು ಕಾಣ್ಲಿಲ್ಲ ಅಂತ ಇಳಿದು ಬೆಂಚಲ್ಲಿ ಕೂತಿದ್ಳು."

ಇಷ್ಟು ವರ್ಷ ಓಡಾಡಿಯೂ ನಿನಗೆ ಬುದ್ಧಿ ಬರಲಿಲ್ಲ ಎಂದು ಅಣ್ಣ ಮನಸಾರೆ ಬೈದು ಫೋನಿಟ್ಟ.

ಅಮ್ಮ ಕಿಟಕಿಯಾಚೆ ನೋಡಿದಳು. ಮಾಟುಂಗಾ ರೋಡ್ ಬರುವಾಗ ಚೀಲವನ್ನು ಹೆಗಲಿಗೇರಿಸಿ, ನನ್ನ ಕೈ ಹಿಡಿದು ಎಬ್ಬಿಸಿದಳು.

"ಮುಂದಿನ ಶನಿವಾರ ಆದ್ರೂ ಡಬ್ಬಿ ಸರಿ ನೋಡಿ ನಿಲ್ಲು ಮಾರಾಯ್ತಿ," ಅಂದಳು.