ಓಣಿಯವರು ಮಾಡಿದ ದೇವಿ

ಡಾಕ್ಟರು ಆಮೇಲೆ ಅನೊರೆಕ್ಸಿಯಾ ಎಂದು ಕರೆದ ಕಾಯಿಲೆಗೆ ಬನಹಟ್ಟಿಯ ನಮ್ಮ ನೇಕಾರರ ಓಣಿ ಅದಕ್ಕೂ ಮೊದಲೇ ಭಕ್ತಿ ಎಂದು ಹೆಸರಿಟ್ಟಿತ್ತು.

ಓಣಿಯದೂ ತಪ್ಪಲ್ಲ. ನಮ್ಮಲ್ಲಿ ಉಪವಾಸವೆಂದರೆ ಎಂದಿಗಿಂತ ಹೆಚ್ಚು ತಿನ್ನುವ ದಿನ. ಸಾಬುದಾಣಿ ಖಿಚಡಿ, ಶೇಂಗಾ ಉಂಡಿ, ಬಾಳೆಹಣ್ಣು, ಮೇಲೆ ಕೆನೆಹಾಲು. ಸಂಜೆಗೆ ತೇಗುತ್ತ "ಇವತ್ತ ಉಪಾಸ ಐತ್ರಿ" ಎಂಬ ನಿಟ್ಟುಸಿರು ಬೇರೆ. ಅಂಥವರ ನಡುವೆ ಕಾಲೇಜು ಹುಡುಗಿಯೊಬ್ಬಳು ಖಿಚಡಿಯನ್ನೂ ಮುಟ್ಟದೆ ಕೂತರೆ ದೇವಿಯ ಅಂಶವಲ್ಲದೆ ಇನ್ನೇನು? ನನಗಿದ್ದದ್ದು ದಪ್ಪಗಾಗುವ ಭಯ ಎಂದು ಅವರಿಗೇನು ಗೊತ್ತು. ಸೋಮವಾರ, ಶುಕ್ರವಾರ, ಸಂಕಷ್ಟಿ, ಏಕಾದಶಿ ಎಲ್ಲ ನನ್ನವೇ. ಪಂಚಾಂಗದಿಂದ ನನಗಾದಷ್ಟು ಉಪಯೋಗ ಇನ್ಯಾರಿಗೂ ಆಗಿರಲಿಕ್ಕಿಲ್ಲ. ಉಳಿದ ದಿನ ರೊಟ್ಟಿಯನ್ನು ಚೂರುಚೂರು ಮಾಡಿ ತಾಟಿನ ತುಂಬ ಹರಡಿಕೊಂಡು ಕೂತಿರುತ್ತಿದ್ದೆ. ತಮಾಷೆಯೆಂದರೆ, ತಲೆಯಲ್ಲಿ ಮಾತ್ರ ಮೂರು ಹೊತ್ತೂ ಅಡುಗೆಯೇ. ಹೋಳಿಗೆ ಮಾಡಿ ಮಾಡಿ ಮನೆಮಂದಿಗೆ ಬಡಿಸುತ್ತಿದ್ದೆ. ಅಪ್ಪನ ಅಂಗಿಗೆ ಗುಂಡಿ ಹಾಕಲು ಬರದಂತಾಯಿತು.

"ನಮ್ಮಾಕಿದು ನಿರಂಕಾರ ಉಪಾಸರಿ, ನೀರೂ ಕೇಳಂಗಿಲ್ಲ" ಎಂದು ಅವ್ವ ಮನೆಮನೆಗೆ ಹೇಳಿ ಬರುತ್ತಿದ್ದಳು.

ದಸರೆಯಲ್ಲಿ ಓಣಿಯ ಹೆಂಗಸರು ನನಗೆ ಸೀರೆ ಉಡಿಸಿ ಉಡಿ ತುಂಬಿದರು. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಬಾಳೆಹಣ್ಣು ಬಿದ್ದಂತೆಲ್ಲ ಸೆರಗು ಭಾರವಾಯಿತು. ಕಣ್ಣು ಕತ್ತಲಿಟ್ಟು ಕುಸಿದೆ. ಯಾರಾದರೂ ನೀರು ತರುತ್ತಾರೆಂದುಕೊಂಡರೆ ಹಣೆಗೆ ಭಂಡಾರದ ಅರಿಶಿನ ಬಂತು.

"ತಾಯಿ ಮೈಮ್ಯಾಲ ಬಂದಾಳ" ಎಂದಳು ಪಕ್ಕದ ಮನೆಯಾಕೆ. ಅಲ್ಲಿಗೆ ಸರತಿ ಶುರುವಾಯಿತು.

"ಯವ್ವಾ, ಸೀರಿ ಧಾರಣಿ ಯಾವಾಗ ಏರತೈತಿ?"

"ನನ್ನ ಮಗಗ ಕನ್ಯಾ ಎಲ್ಲಿ ಸಿಗತೈತಿ, ತಾಯಿ?"

ಅಕ್ಕಿಕಾಳುಗಳ ಮೇಲೆ ಬಿದ್ದುಕೊಂಡಿದ್ದ ನನಗೆ ನಗು ಬಂತು. ನಗಲಿಕ್ಕೆ ತ್ರಾಣವಿರಲಿಲ್ಲ.

ಕೊನೆಗೆ ಅವ್ವ ಬಂದಳು. ನನ್ನ ಕಾಲು ಹಿಡಿದು, ಉಳಿದವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದಳು: "ಯವ್ವಾ, ನನ್ನ ಮಗಳು ಯಾವಾಗ ಉಣ್ತಾಳ? ಅಕಿ ಉಳಿತಾಳೇನು?"

ಅವಳಿಗೆ ಗೊತ್ತಿತ್ತು. ಓಣಿಯ ಮುಂದೆ ಜಂಬ ಕೊಚ್ಚಿಕೊಳ್ಳುತ್ತಲೇ ಒಳಗೊಳಗೆ ನನ್ನಷ್ಟೇ ಹೆದರಿದ್ದಳು. ನನ್ನ ಜಾಗದಲ್ಲಿ ನಿಜವಾದ ದೇವಿಯಾಗಿದ್ದರೆ ಏನಾದರೂ ಅಭಯ ಕೊಡುತ್ತಿದ್ದಳೇನೋ. ನನಗೆ ಅಳು ಬಂತು.

"ಗೊತ್ತಿಲ್ಲ ಬೇ ಯವ್ವಾ" ಎಂದೆ. "ನನಗ ಉಣ್ಣಾಕ ಆಗವಲ್ದು. ದವಾಖಾನಿಗೆ ಕರಕೊಂಡು ಹೋಗು."